ಬ್ರೇಕ್ ಫಿಟಿಂಗ್ ಆಯ್ಕೆ: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ, ಕಾಡುದಾರಿಗೆಂದು ಹಳೆಯ ಜೀಪಿಗೆ ಬೇರೆ ವಾಹನದ ಡಿಸ್ಕ್ ಬ್ರೇಕ್ ಕೂಡಿಸುವವರು ಫಿಟಿಂಗ್ (ಬ್ರೇಕ್ ಪೈಪುಗಳನ್ನು ಜೋಡಿಸುವ ಬಿಡಿಭಾಗ) ಕೊಳ್ಳುವ ಮುನ್ನ ಪ್ರತಿಯೊಂದು ಥ್ರೆಡ್ಡನ್ನೂ (ತಿರುಪಿನ ಸುತ್ತುಗಳನ್ನು) ಗೇಜ್ ಹಿಡಿದು ಅಳೆಯಬೇಕೆಂದು ಕೋರುತ್ತೇನೆ. ಇಂಚಿಗೆ 24 ಸುತ್ತಿರುವ 3/8 ಇಂಚಿನ ಪೈಪ್ ನಟ್ಟಿನ (ಇದರ ಥ್ರೆಡ್ ಹೊರಮೈಯಲ್ಲಿರುತ್ತದೆ) ಹೊರವ್ಯಾಸ ಸುಮಾರು 9.5 ಮಿ.ಮೀ. ಇರುವುದರಿಂದ, ಅದು 10 ಮಿ.ಮೀ. ಮೆಟ್ರಿಕ್ ರಂಧ್ರದೊಳಗೆ ಸಲೀಸಾಗಿ ಹೋಗಿ ಸರಿಯಾಗಿ ಕೂತಂತೆಯೇ ಕಾಣುತ್ತದೆ. ಆದರೆ ಜೋರಾಗಿ ಪೆಡಲ್ ತುಳಿದಾಗ ಒತ್ತಡ ತಾಳದೆ ಕಿತ್ತುಬರಬಹುದು. ನನ್ನ ಗಾಡಿಯಲ್ಲೇ ಇಂಥದೊಂದು ನಟ್ಟನ್ನು ಬಿಚ್ಚಿದಾಗ ಅದರ ಹಲ್ಲುಗಳಿಗೆ ಮಾಸ್ಟರ್ ಸಿಲಿಂಡರಿನ (ಪೆಡಲ್ ತುಳಿದಾಗ ಬ್ರೇಕ್ ದ್ರವಕ್ಕೆ ಒತ್ತಡ ಕೊಡುವ ಭಾಗ) ಅಲ್ಯೂಮಿನಿಯಂ ಚೂರುಗಳು ಅಂಟಿಕೊಂಡಿದ್ದವು.

ಫ್ಲೇರ್, ಅಂದರೆ ಪೈಪಿನ ಅಗಲಿಸಿದ ತುದಿಯ ಕೋನವೂ ಅಷ್ಟೇ ಮುಖ್ಯ: 37 ಡಿಗ್ರಿಯ ಎಎನ್ (ಆರ್ಮಿ-ನೇವಿ ಮಾನದಂಡದ) ಫಿಟಿಂಗಿಗೆ 45 ಡಿಗ್ರಿಯ ಫ್ಲೇರ್ ಹೊಂದುವುದಿಲ್ಲ. ಸೋರಿಕೆಯನ್ನು ತಡೆಯುವುದು ಫ್ಲೇರೇ ಹೊರತು ಥ್ರೆಡ್ ಅಲ್ಲವಾದ್ದರಿಂದ, ದಯವಿಟ್ಟು ಟೆಫ್ಲಾನ್ ಟೇಪ್ ಸುತ್ತಬೇಡಿ. ಬ್ಯಾಂಜೋ ಬೋಲ್ಟಿಗೆ (ಬ್ರೇಕ್ ದ್ರವ ಹಾಯುವಂತೆ ಒಳಗೆ ಟೊಳ್ಳಾಗಿರುವ ಬೋಲ್ಟ್) ಪ್ರತಿ ಸಲವೂ ಹೊಸ ತಾಮ್ರದ ವಾಷರ್ ಹಾಕಿ.