ಅಜ್ಜನ ಗ್ರಾಮಾಫೋನ್ ಕೆಡಿಸಿದ್ದು ನೀನಲ್ಲ

ಸೋಮವಾರಪೇಟೆ
ಆಷಾಢದ ಕೊನೆಯ ವಾರ

ಪ್ರೀತಿಯ ಪುಟ್ಟಿ,

ಅಜ್ಜನ ಗ್ರಾಮಾಫೋನ್ ಕೆಡಿಸಿದ್ದು ನೀನಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅವತ್ತು ನಿನ್ನನ್ನು ನೆಂಟರ ಎದುರಿಗೇ ಬೈದವಳು ನಾನು. ಕೂತು ಬರೆಯದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ.

ಈ ಸಲದ ಮಳೆ ನಿನಗೆ ಗೊತ್ತಲ್ಲ, ನಾಲ್ಕು ದಿನ ಕರೆಂಟಿಲ್ಲ. ತೋಟಕ್ಕೆ ಇಳಿಯುವ ಹಾಗಿರಲಿಲ್ಲ. ಅಟ್ಟದಿಂದ ಆ ಕಪ್ಪು ಪೆಟ್ಟಿಗೆ ಇಳಿಸಿದೆ. ಮುಚ್ಚಳದ ತುಂಬ ಬೂಷ್ಟು. ಒಣಬಟ್ಟೆಯಲ್ಲಿ ಒರೆಸಿ ಒಲೆಯಿಂದ ದೂರ ಬೆಚ್ಚಗಿನ ಜಾಗದಲ್ಲಿ ಎರಡು ದಿನ ಇಟ್ಟೆ. ಎಚ್.ಎಂ.ವಿ. ಕಂಪನಿಯ 102, 1931ರಲ್ಲಿ ಬಂದ ಮಾದರಿ. ಕೈಯಲ್ಲಿ ಹಿಡಿದು ಊರೂರಿಗೆ ಒಯ್ಯಲೆಂದೇ ಮಾಡಿದ್ದು.

ಒಳಗೆ ಗವರ್ನರ್ ಅಂತ ಒಂದಿದೆ. ತೆಳು ಉಕ್ಕಿನ ಪಟ್ಟಿಗಳ ಮೇಲೆ ಮೂರು ಪುಟ್ಟ ಗುಂಡು. ವೇಗ ಹೆಚ್ಚಿದರೆ ಅವು ಹೊರಕ್ಕೆ ಅರಳಿ, ಒಂದು ಬಿಲ್ಲೆಯನ್ನು ಮೆತ್ತೆಗೆ ಒತ್ತಿಸಿ ತಡೆ ಹಾಕುತ್ತವೆ. ಹಾಡಿನ ಪ್ಲೇಟು ಕೂರುವ ತಟ್ಟೆಗೆ ನಿಮಿಷಕ್ಕೆ 78 ಸುತ್ತು ತಪ್ಪದಂತೆ ಕಾಯುವುದು ಅದೇ. ಹಳೆಯ ಎಣ್ಣೆ ಅಲ್ಲಿ ಅಂಟಾಗಿ ಗಟ್ಟಿಯಾಗಿ ಗುಂಡು ಅಲುಗುತ್ತಲೇ ಇರಲಿಲ್ಲ. ಸಣ್ಣ ಕುಂಚದಲ್ಲಿ ಹನಿಹನಿಯಾಗಿ ಸೀಮೆಎಣ್ಣೆ ಹಾಕಿ ರಾತ್ರಿ ಬಿಟ್ಟೆ.

ಬೆಳಿಗ್ಗೆ ತಟ್ಟೆಯನ್ನು ಬೆರಳಲ್ಲಿ ಸ್ವಲ್ಪ ತಳ್ಳಿದೆ ಅಷ್ಟೇ. ತಿರುಗಿತು ಪುಟ್ಟಿ. ನಾನು ಕೀ ಕೊಟ್ಟೇ ಇರಲಿಲ್ಲ. ನೀನು ಎಂಟು ವರ್ಷದವಳಿದ್ದಾಗ ಎರಡೂ ಕೈ ಹಿಡಿದು ತಿರುಗಿಸಿದೆಯಲ್ಲ, ಆ ಕೀ ಇಷ್ಟು ವರ್ಷ ಒಳಗೇ ಕೂತಿತ್ತು. ಕೈಯಲ್ಲಿ ಸೀಮೆಎಣ್ಣೆಯ ಕುಂಚ ಹಿಡಿದುಕೊಂಡೇ ಅದು ನಿಲ್ಲುವವರೆಗೂ ನೋಡುತ್ತ ನಿಂತಿದ್ದೆ.

ಜಾಸ್ತಿ ಕೀ ಕೊಟ್ಟರೆ ಸ್ಪ್ರಿಂಗ್ ಹಾಳಾಗುತ್ತದೆ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದೆವು. ಪೂರ್ತಿ ಸುತ್ತಿಕೊಂಡ ಮೇಲೆ ಹಿಡಿ ತಾನಾಗಿ ಬಿಗಿದು ನಿಲ್ಲುತ್ತದೆ. ಅದನ್ನು ಮುರಿಯುವಷ್ಟು ಬಲ ನಿನ್ನ ಕಡ್ಡಿಯಂಥ ತೋಳಿಗೆ ಎಲ್ಲಿತ್ತು? ತಟ್ಟೆ ತಿರುಗದೆ ನಿಂತದ್ದು ಎಣ್ಣೆ ಒಣಗಿದ್ದರಿಂದ. ಎಣ್ಣೆ ಹಾಕದೆ ಬಿಟ್ಟವರು ದೊಡ್ಡವರಾದ ನಾವು. ಅವತ್ತು ನೀನು ಅತ್ತುಕೊಂಡು ಊಟ ಬಿಟ್ಟು ಮಲಗಿದ್ದು ನನಗೆ ಮರೆತಿಲ್ಲ. ತಪ್ಪು ನನ್ನದು ಮಗಳೇ.

ಕೀ ಪೂರ್ತಿ ಇಳಿದ ಮೇಲೆಯೇ ಸ್ಪ್ರಿಂಗಿನ ಡಬ್ಬಿಗೆ ಕೈ ಹಾಕಿದ್ದು. ಕೀ ಇರುವಾಗ ಗವರ್ನರ್ ಕಳಚಿದರೆ ಚಕ್ರಗಳು ಅಂಕೆ ತಪ್ಪಿ ಬೆರಳನ್ನೇ ಕತ್ತರಿಸಬಹುದು. ದಪ್ಪ ಕೈಗವಸು ಹಾಕಿ ಸುರುಳಿಯನ್ನು ಸ್ವಲ್ಪಸ್ವಲ್ಪವೇ ಬಿಡಿಸಿದೆ. ಒಳಗಿನ ಗ್ರೀಸ್ ಡಾಂಬರಿನ ಹಾಗಿತ್ತು. ಹಾಡಿನ ಮಧ್ಯೆ ಒಳಗಿನಿಂದ ‘ಧಡ್’ ಅನ್ನುತ್ತಿತ್ತಲ್ಲ, ಅಂಟಿಕೊಂಡ ಸುತ್ತುಗಳು ಒಮ್ಮೆಲೇ ಬಿಟ್ಟುಕೊಳ್ಳುವ ಸದ್ದು ಅದು. ತೊಳೆದು, ಗ್ರಾಫೈಟ್ ಗ್ರೀಸ್ ಸವರಿದ್ದೇನೆ. ಮುಳ್ಳು ಸಿಕ್ಕಿಸುವ ದುಂಡನೆಯ ಸೌಂಡ್‌ಬಾಕ್ಸಿನ ರಬ್ಬರು ಬಳೆಗಳು ಕಲ್ಲಾಗಿದ್ದವು, ಅವನ್ನೂ ಬದಲಾಯಿಸಿದೆ. ಪೆಟ್ಟಿಗೆಗೆ ಮಾತ್ರ ಬಣ್ಣ ಬಳಿಯಲಿಲ್ಲ. ಅಜ್ಜನ ಕೈ ತಾಗಿ ಸವೆದ ಹಿಡಿಕೆ ಹಾಗೇ ಇರಲಿ.

ಪ್ಲೇಟುಗಳನ್ನು ನೀನು ಒರೆಸುವುದಾದರೆ ಸ್ಪಿರಿಟ್ ಮುಟ್ಟಿಸಬೇಡ. ಅವು ಅರಗಿನವು, ಸ್ಪಿರಿಟ್ಟಿಗೆ ಕರಗಿಹೋಗುತ್ತವೆ. ಒದ್ದೆ ಬಟ್ಟೆ ಸಾಕು, ನಡುವಿನ ಕಾಗದ ನೆನೆಯಬಾರದು.

ಬರುವಾಗ ಬೆಂಗಳೂರಿನಿಂದ ಉಕ್ಕಿನ ಮುಳ್ಳು ತಾ, ಒಂದು ಡಬ್ಬಿ ಸಾಲದು. ಒಂದು ಮುಖಕ್ಕೆ ಒಂದು ಮುಳ್ಳು, ಮೂರು ನಿಮಿಷ ಹಾಡಿದರೆ ಅದರ ಆಯಸ್ಸು ಮುಗಿಯಿತು. ಸವೆದದ್ದನ್ನೇ ಮತ್ತೆ ಹಾಕಿದರೆ ಪ್ಲೇಟಿನ ಗೀರು ಕೊರೆದುಹೋಗುತ್ತದೆ.

ಸ್ಪ್ರಿಂಗ್ ಸರಿ ಕೂತಿದೆಯೇ ಅಂತ ಹತ್ತು ಸುತ್ತು ಕೊಟ್ಟು ನೋಡಿದೆ, ಅಷ್ಟೇ. ಪೂರ್ತಿ ಕೀ ನೀನೇ ಕೊಡು, ಹಿಡಿ ಬಿಗಿಯುವವರೆಗೂ. ಹಾಡೆಲ್ಲ ಮುಗಿದ ಮೇಲೆ ತಟ್ಟೆ ತಾನಾಗಿ ನಿಲ್ಲುವ ತನಕ ತಿರುಗಲಿ. ಈ ಸಲ ಕೀ ಒಳಗೆ ಉಳಿಸಿಡುವುದು ಬೇಡ.

ನಿನ್ನ
ಅಮ್ಮ