ನಂದಿ ಬೆಟ್ಟ ಹತ್ತಿದ್ದು ಸಾಕು, ಒಂದ್ಸಲ ಬುಡದಲ್ಲಿ ಸೈಕಲ್ ತುಳಿದು ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಭಾನುವಾರ ಬಂತೆಂದರೆ ನಂದಿ ಬೆಟ್ಟದ ದಾರಿಯಲ್ಲಿ ನಿಂತ ವಾಹನಗಳ ಸಾಲಿನ ಫೋಟೊ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಇನ್ನೂ ಕತ್ತಲಿರುವಾಗಲೇ ಬೆಂಗಳೂರು ಬಿಟ್ಟು, ಸೂರ್ಯ ಹುಟ್ಟೋದನ್ನ ಮೇಲಿಂದ ನೋಡಬೇಕು ಅಂತ ಬಂದವರು ಎಷ್ಟೋ ಸಲ ಚೆಕ್‌ಪೋಸ್ಟ್ ಮುಂದೆ ಕಾರಿನಲ್ಲೇ ಕೂತು ಬೆಳಗು ಮಾಡುತ್ತಾರೆ. ಅದೇ ಹೊತ್ತಿಗೆ ಬೆಟ್ಟದ ಬುಡದ ಹಳ್ಳಿ ರಸ್ತೆಗಳು ಖಾಲಿ ಇರುತ್ತವೆ. ನಾನು ಅಲ್ಲಿ ನನ್ನ ಮಗಳ ಹಳೇ ಸೈಕಲ್ ತುಳಿಯುತ್ತಾ ಇರುತ್ತೇನೆ. ಆ ರಸ್ತೆಗಳ ಬಗ್ಗೆ ನಾಲ್ಕು ಮಾತು ಹೇಳಬೇಕು ಅಂತ ಈ ಪತ್ರ.

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಯ್ತು ಅಂತಾರಲ್ಲ, ಅಲ್ಲಿಂದ ಯುಗಾದಿ ಕಳೆದು ಒಂದೆರಡು ವಾರದ ತನಕ ನಮ್ಮ ಚಿಕ್ಕಬಳ್ಳಾಪುರದ ಕಡೆ ಸೈಕಲ್‌ಗೆ ಹೇಳಿ ಮಾಡಿಸಿದ ಕಾಲ. ಬೆಳಗ್ಗೆ ಆರೂವರೆಗೆ ಹೊರಟರೆ ಮೊದಲ ಅರ್ಧ ಗಂಟೆ ಕೈ ಬೆರಳು ಸ್ವಲ್ಪ ತಣ್ಣಗಿರುತ್ತವೆ. ಆಮೇಲೆ ಬಿಸಿಲು ಬೆನ್ನ ಮೇಲೆ ಬೀಳುತ್ತದೆ. ಆ ಬಿಸಿಲು ಸುಡುವುದಿಲ್ಲ, ಸುಮ್ನೆ ಬೆಚ್ಚಗೆ ಕೂತಿರುತ್ತದೆ. ಹತ್ತು ಗಂಟೆಯೊಳಗೆ ಮನೆ ಸೇರಿದರೆ ಆಯಿತು. ಮಳೆಗಾಲದಲ್ಲಿ ಈ ದಾರಿಗಳಲ್ಲಿ ಕೆಸರು, ಮೇ ತಿಂಗಳಲ್ಲಿ ಕೆಂಡ. ಶಿವರಾತ್ರಿಯಿಂದಾಚೆಯ ಈ ಒಂದೂವರೆ ತಿಂಗಳು ತಪ್ಪಿಸಿಕೊಂಡರೆ ಮತ್ತೆ ದಸರಾ ಕಳೆಯುವ ತನಕ ಕಾಯಬೇಕು.

ಸೈಕಲ್ ಕಥೆ ಮೊದಲು ಹೇಳುತ್ತೇನೆ, ಯಾಕಂದರೆ ತುಂಬಾ ಜನ ಅಲ್ಲೇ ನಿಂತುಬಿಡುತ್ತಾರೆ. ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತಲ್ಲ, ಆ ಯೋಜನೆಯಲ್ಲಿ ನನ್ನ ಮಗಳಿಗೂ ಒಂದು ಸಿಕ್ಕಿತ್ತು. ಮೂರು ವರ್ಷ ತುಳಿದಳು. ಕಾಲೇಜಿಗೆ ಬಸ್ಸು ಹಿಡಿದ ಮೇಲೆ ಸೈಕಲ್ ಮೆಟ್ಟಿಲ ಕೆಳಗೆ ಸೇರಿತು. ಅದರ ಮೇಲೆ ಹಳೇ ಚಾಪೆ, ಮುರಿದ ಫ್ಯಾನು, ಏನೇನೋ. ಹೋದ ವರ್ಷ ಸುಣ್ಣ ಬಣ್ಣ ಮಾಡಿಸುವಾಗ ಗುಜರಿಗೆ ಹಾಕೋಣ ಅಂತ ಈಚೆ ತೆಗೆದೆವು. ಅಂಗಳದಲ್ಲಿ ನಿಂತದ್ದನ್ನು ನೋಡಿ ನನಗೆ ಮನಸ್ಸು ಬರಲಿಲ್ಲ. ಸೈಕಲ್ ಶಾಪಿಗೆ ತಳ್ಳಿಕೊಂಡು ಹೋಗಿ ಎರಡೂ ಟ್ಯೂಬು, ಬ್ರೇಕ್ ರಬ್ಬರು ಹಾಕಿಸಿದೆ, ಚೈನಿಗೆ ಎಣ್ಣೆ ಬಿಡಿಸಿದೆ. ಗೇರ್ ಇಲ್ಲ. ಮುಂದೆ ಬುಟ್ಟಿ ಇದೆ. ನನಗೆ ಐವತ್ತು ದಾಟಿದೆ, ಹೊಲಿಗೆ ಅಂಗಡಿ ನಡೆಸುತ್ತೇನೆ, ದಿನವಿಡೀ ಮಿಷಿನ್ ಮುಂದೆ ಬಗ್ಗಿ ಕೂರುವ ಕೆಲಸ. ವಾರಕ್ಕೊಂದು ಬೆಳಗ್ಗೆ ಬೆನ್ನು ನೆಟ್ಟಗೆ ಮಾಡಿ ದೂರ ನೋಡುವುದು ಎಷ್ಟು ಬೇಕಾಗಿತ್ತು ಅಂತ ಮೊದಲ ದಿನವೇ ಗೊತ್ತಾಯಿತು.

ಶುರುವಿನಲ್ಲಿ ಮಂಡಿ ನೋವು ಬಂತು. ವಯಸ್ಸಾಯಿತು ಅಂತ ಬಿಡುವವಳಿದ್ದೆ. ಸೀಟು ತೀರಾ ಕೆಳಗಿತ್ತು, ಅಷ್ಟೇ. ಪೆಡಲು ಪೂರ್ತಿ ಕೆಳಗೆ ಬಂದಾಗ ಕಾಲು ಹೆಚ್ಚು ಕಮ್ಮಿ ನೇರ ಆಗಬೇಕು, ಮಂಡಿ ಚೂರು ಮಾತ್ರ ಬಾಗಿರಬೇಕು. ಎರಡು ಇಂಚು ಏರಿಸಿದ ಮೇಲೆ ನೋವು ಹೋಯಿತು. ಪ್ಯಾಂಟಿನ ಕಾಲು ಚೈನಿಗೆ ಸಿಗದ ಹಾಗೆ ಅಗಲ ಎಲಾಸ್ಟಿಕ್ ಪಟ್ಟಿ ಹೊಲಿದುಕೊಂಡಿದ್ದೇನೆ. ದುಪಟ್ಟಾ ಬೇಡ. ಬೆನ್ನಿಗೆ ದೂರದಿಂದ ಕಾಣುವ ಹಳದಿ ಬಟ್ಟೆಯ ಅರೆತೋಳಿನ ಕೋಟೊಂದನ್ನು ನಾನೇ ಹೊಲಿದೆ. ಇವುಗಳಲ್ಲಿ ಇದೇ ನನಗೆ ಬಹಳ ಮುಖ್ಯ, ಯಾಕಂದರೆ ಕಲ್ಲು ಕ್ರಷರ್‌ಗಳ ಟಿಪ್ಪರ್‌ಗಳು ಹಳ್ಳಿ ರಸ್ತೆಯಲ್ಲೂ ಓಡಾಡುತ್ತವೆ. ಟಿಪ್ಪರ್ ಸದ್ದು ಕೇಳಿದರೆ ನಾನು ಇಳಿದು ಪಕ್ಕಕ್ಕೆ ನಿಂತುಬಿಡುತ್ತೇನೆ. ನನಗೇನೂ ಅವಸರವಿಲ್ಲ ಅಲ್ವಾ.

ನನ್ನ ಮಾಮೂಲಿ ದಾರಿ ಹೀಗಿದೆ. ಊರು ಬಿಟ್ಟು ಚದಲಪುರ ಕ್ರಾಸ್, ಅಲ್ಲಿಂದ ನಂದಿ ಗ್ರಾಮ, ಆಮೇಲೆ ಮುದ್ದೇನಹಳ್ಳಿ, ವಾಪಸ್ ಊರು. ಎಲ್ಲ ಸೇರಿ 20 ಕಿಲೋಮೀಟರ್ ಆಸುಪಾಸು. ಮನಸ್ಸು ಮಾಡಿದರೆ ಒಂದೂವರೆ ಗಂಟೆಯಲ್ಲಿ ಮುಗಿಸಬಹುದು, ನಾನು ಮೂರು ಗಂಟೆ ತೆಗೆದುಕೊಳ್ಳುತ್ತೇನೆ. ಚದಲಪುರದ ತನಕ ಹೈವೇ ಕಾಟ ಇದ್ದೇ ಇದೆ. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೇ ಹೆದ್ದಾರಿ ಅದು, ಅಲ್ಲಿ ಸೈಕಲ್‌ನವರನ್ನು ಯಾರೂ ಮನುಷ್ಯರು ಅಂತ ಲೆಕ್ಕ ಇಡುವುದಿಲ್ಲ. ಕ್ರಾಸ್‌ನಲ್ಲಿ ತಿರುಗಿದ ಐದು ನಿಮಿಷಕ್ಕೆ ಆ ಗದ್ದಲ ಹಿಂದೆ ಉಳಿಯುತ್ತದೆ. ಮುಂದೆ ಬೆಟ್ಟ ಎದ್ದು ನಿಂತಿರುತ್ತದೆ. ಬೆಳಗಿನ ಬಿಸಿಲಿಗೆ ಬಂಡೆ ಮೊದಲು ಕೆಂಪಗೆ, ನೋಡ್ತಾ ನೋಡ್ತಾ ಹಳದಿ, ಆಮೇಲೆ ಬೂದಿ ಬಣ್ಣಕ್ಕೆ ಬರುತ್ತದೆ. ಬೆಟ್ಟದ ಮೇಲೆ ನಿಂತವರಿಗೆ ಬೆಟ್ಟವೇ ಕಾಣುವುದಿಲ್ಲವಲ್ಲ, ಇದನ್ನು ನೋಡಬೇಕಾದರೆ ಕೆಳಗೇ ಇರಬೇಕು.

ದಾರಿಯುದ್ದಕ್ಕೂ ಈಗ ಹೊಂಗೆ ಚಿಗುರಿದೆ. ಎಲೆ ಎಷ್ಟು ಹೊಸದು ಅಂದರೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ಯುಗಾದಿ ಹೊತ್ತಿಗೆ ಅದರ ಹೂ ಉದುರಿ ಟಾರಿನ ಎರಡೂ ಅಂಚು ತಿಳಿ ನೇರಳೆ ಬಣ್ಣ ಆಗುತ್ತದೆ, ಚಕ್ರ ಅದರ ಮೇಲೆ ಹೋದರೆ ಸದ್ದೇ ಇಲ್ಲ. ಅರಳಿಕಟ್ಟೆಯ ಮರದಲ್ಲಿ ತಾಮ್ರದ ಬಣ್ಣದ ಎಳೆ ಎಲೆ. ಬೆಟ್ಟದ ಇಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದು ಮುತ್ತುಗ, ಎಲೆಯೇ ಇಲ್ಲದೆ ಬರೀ ಹೂ, ದೂರದಿಂದ ನೋಡಿದರೆ ಯಾರೋ ಬೆಂಕಿ ಹಾಕಿದ್ದಾರೆ ಅನ್ನಿಸುತ್ತದೆ. ಮಾವಿನ ತೋಪು ದಾಟುವಾಗ ಹೂವಿನ ವಾಸನೆ, ಜೇನುಹುಳುಗಳ ಗುಂಯ್ ಅನ್ನೋ ಸದ್ದು. ಸ್ಕೂಟರ್‌ನಲ್ಲಿ ಇದೇ ದಾರಿಯಲ್ಲಿ ನೂರಾರು ಸಲ ಓಡಾಡಿದ್ದೇನೆ, ಆ ಸದ್ದು ಒಂದು ದಿನವೂ ಕೇಳಿರಲಿಲ್ಲ.

ದ್ರಾಕ್ಷಿ ಚಪ್ಪರಗಳಿಗೆ ಇದು ಸುಗ್ಗಿ. ದಿಲ್‌ಖುಷ್ ತಳಿಯ ಗೊಂಚಲು ಚಪ್ಪರದ ಕೆಳಗೆ ಸಾಲಾಗಿ ತೂಗುತ್ತಿರುತ್ತವೆ. ಕೆಲವು ಬೆಳಗ್ಗೆ ಔಷಧಿ ಹೊಡೆಯುತ್ತಿರುತ್ತಾರೆ, ಆಗ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೇಗ ದಾಟಬೇಕು, ಅದನ್ನೂ ಹೇಳಿಬಿಡುತ್ತೇನೆ. ಸೇವಂತಿಗೆ, ಗುಲಾಬಿ ಕಟ್ಟುಗಳು ಮೊಪೆಡ್ ಮೇಲೆ ಮಾರುಕಟ್ಟೆಗೆ ಹೊರಟಿರುತ್ತವೆ. ಅವು ಪಕ್ಕದಲ್ಲಿ ಹೋದ ಮೇಲೂ ಸ್ವಲ್ಪ ದೂರ ಗಾಳಿಯಲ್ಲಿ ವಾಸನೆ ಇರುತ್ತದೆ. ರೇಷ್ಮೆ ಸಾಕುವವರ ಮನೆ ಮುಂದೆ ಚಂದ್ರಂಕಿಗಳನ್ನು, ಅಂದರೆ ಹುಳು ಗೂಡು ಕಟ್ಟುವ ತಟ್ಟೆಗಳನ್ನು, ಬಿಸಿಲಿಗೆ ಒರಗಿಸಿರುತ್ತಾರೆ. ಹುಣಸೆ ಮರದ ಕೆಳಗೆ ಗೋಣಿ ಚೀಲ ಹಾಸಿ ಹಣ್ಣು ಬಡಿಯುತ್ತಿರುತ್ತಾರೆ.

ಅಂಥ ಒಂದು ಹುಣಸೆ ಮರದ ಹತ್ತಿರವೇ ನನಗೆ ಪಂಚರ್ ಆಗಿದ್ದು. ಹಣ್ಣು ಆಯುತ್ತಿದ್ದ ಅಜ್ಜಿ ಕೇಳಿದರು, "ಏನಮ್ಮ, ಗಾಡಿ ಕೆಟ್ಟೋಯ್ತಾ, ಸೈಕಲಲ್ಲಿ ಬಂದಿದೀಯ?" ಗಾಡಿ ಮನೆಯಲ್ಲಿದೆ ಅಜ್ಜಿ, ಇಷ್ಟ ಅಂತ ತುಳೀತಿದೀನಿ ಅಂದೆ. ಅವರು ನನ್ನನ್ನು ಒಂದು ಸಲ, ಸೈಕಲನ್ನು ಒಂದು ಸಲ ನೋಡಿದರು. "ಒಳ್ಳೇದಾಯ್ತು ಬಿಡು. ನಮ್ಮೆಜಮಾನ್ರು ಶಿಡ್ಲಘಟ್ಟಕ್ಕೆ ಗೂಡು ಸೈಕಲಲ್ಲೇ ಹೊತ್ಕೊಂಡು ಹೋಗ್ತಿದ್ರು" ಅಂದರು. ಇಲ್ಲಿಂದ ಶಿಡ್ಲಘಟ್ಟಕ್ಕೆ ಎಷ್ಟು ದೂರ, ದಾರಿಯಲ್ಲಿ ಎಷ್ಟು ದಿಣ್ಣೆ! ಹಿಂದೆ ಮೂಟೆ ಕಟ್ಟಿಕೊಂಡು, ರೇಷ್ಮೆಗೂಡಿಗೆ ಬಿಸಿಲು ತಾಕುವ ಮೊದಲು ಮಾರುಕಟ್ಟೆ ಸೇರಬೇಕು. ಅವರು ಅದನ್ನು ಹೇಳಿದ ರೀತಿಯಲ್ಲಿ ಹೆಮ್ಮೆಯಿತ್ತು. ಅಜ್ಜಿ ಚೊಂಬಿನಲ್ಲಿ ನೀರು ಕೊಟ್ಟರು. ಆಮೇಲೆ ಎರಡು ಕಿಲೋಮೀಟರ್ ತಳ್ಳಿಕೊಂಡು ಹೋದೆ. ಪಂಚರ್ ಅಂಗಡಿಯವರು ಟೈರಿನಿಂದ ಮೂರು ಜಾಲಿ ಮುಳ್ಳು ತೆಗೆದು ನನ್ನ ಅಂಗೈಗೆ ಹಾಕಿದರು. "ಅಕ್ಕ, ಜಾಲಿ ಇರೋ ಕಡೆ ಟಾರು ಬಿಟ್ಟು ಮಣ್ಣಿಗೆ ಇಳಿಸ್ಬೇಡಿ" ಅಂದರು. ಅಲ್ಲಿಂದ ಒಂದು ಹೆಚ್ಚಿನ ಟ್ಯೂಬು ಬುಟ್ಟಿಯಲ್ಲಿ ಇಟ್ಟುಕೊಳ್ಳುತ್ತೇನೆ.

ನಂದಿ ಗ್ರಾಮದಲ್ಲಿ ನಾನು ಯಾವಾಗಲೂ ನಿಲ್ಲುತ್ತೇನೆ. ಭೋಗನಂದೀಶ್ವರ ದೇವಸ್ಥಾನಕ್ಕೆ ಸಾವಿರದ ಇನ್ನೂರು ವರ್ಷದ ಹತ್ತಿರ ಹತ್ತಿರ ಆಯಿತು. ಬೆಳಗ್ಗೆ ಹೋದರೆ ಕಲ್ಲಿನ ನೆಲ ಇನ್ನೂ ತಣ್ಣಗಿರುತ್ತದೆ. ಕಲ್ಯಾಣಿ ಮೆಟ್ಟಿಲ ಮೇಲೆ ಕೂತರೆ ಬಿಸಿಲು ಒಂದೊಂದೇ ಮೆಟ್ಟಿಲು ಇಳಿದು ನೀರಿಗೆ ಬರೋದು ಕಾಣುತ್ತದೆ. ಶಿವರಾತ್ರಿ ಸಮಯದಲ್ಲಾದರೆ ಇಲ್ಲಿ ದನಗಳ ಜಾತ್ರೆ. ಹಳ್ಳಿಕಾರ್ ಜೋಡಿಗಳನ್ನು ಪೆಂಡಾಲ್ ಹಾಕಿ ಕಟ್ಟಿರುತ್ತಾರೆ, ಮಕ್ಕಳನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಾರೆ. ಆ ವಾರ ಸೈಕಲ್‌ನವರಿಗೆ ಎಷ್ಟು ಸುಖ ಅಂದರೆ, ಕಾರಿನವರು ಪಾರ್ಕಿಂಗ್ ಹುಡುಕುವಷ್ಟರಲ್ಲಿ ನಾವು ಅರ್ಧ ಜಾತ್ರೆ ನೋಡಿ ಕಡ್ಲೆಪುರಿ ಕಟ್ಟಿಸಿಕೊಂಡಿರುತ್ತೇವೆ.

ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ, ಸಮಾಧಿ ಎರಡೂ ಇವೆ. ನೂರು ವರ್ಷ ದಾಟಿ ಬಾಳಿ 1962ರಲ್ಲಿ ತೀರಿಕೊಂಡರು. ಸಮಾಧಿಯ ಹತ್ತಿರ ನೆರಳಿದೆ, ನೀರು ಕುಡಿದು ಹೊರಡುತ್ತೇನೆ.

ಸೈಕಲ್‌ನಿಂದ ನನಗೆ ಗೊತ್ತಾದ ಇನ್ನೊಂದು ವಿಷಯ ಇದೆ. ಇದನ್ನು ಬರೆಯಲೇಬೇಕು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಹುಟ್ಟುವುದು ಈ ಬೆಟ್ಟಗಳ ಸಾಲಿನಲ್ಲೇ. ಒಂದು ಆಂಧ್ರಕ್ಕೆ ಹೋಗಿ ನೆಲ್ಲೂರಿನ ಕಡೆ ಸಮುದ್ರ ಸೇರುತ್ತದೆ, ಇನ್ನೊಂದು ತಮಿಳುನಾಡಿಗೆ, ಮತ್ತೊಂದು ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ. ಅರ್ಥವಾಗಿದ್ದು ಮಾತ್ರ ಪೆಡಲು ತುಳಿದಾಗ. ಸ್ಕೂಟರಿಗೆ ಈ ರಸ್ತೆಗಳು ಮಟ್ಟಸ. ಸೈಕಲ್‌ಗೆ ಹಾಗಲ್ಲ. ಒಂದು ಕಡೆ ತುಳಿಯದೇ ಚಕ್ರ ಉರುಳುತ್ತದೆ, ಅಲ್ಲಿ ಸ್ವಲ್ಪ ಮುಂದೆ ಹೋದರೆ ಕೆರೆ ಇದ್ದೇ ಇರುತ್ತದೆ. ಕೆರೆಯ ಏರಿ ದಾಟಿದ ಮೇಲೆ ಮತ್ತೆ ದಿಣ್ಣೆ, ದಿಣ್ಣೆಯ ಆಚೆ ಇನ್ನೊಂದು ಕೆರೆ. ನೀರು ಯಾವ ಕಡೆ ಹೋಗುತ್ತದೆ, ನಮ್ಮ ಹಿರಿಯರು ಕೆರೆಯನ್ನು ಅಲ್ಲೇ ಯಾಕೆ ಕಟ್ಟಿದರು ಅನ್ನೋದನ್ನು ಕಾಲೇ ಹೇಳಿಕೊಡುತ್ತದೆ.

ಪೂರ್ತಿ ಸುತ್ತಲು ಸಮಯ ಇಲ್ಲದ ದಿನ ಕಂದವಾರ ಕೆರೆ ತನಕ ಹೋಗಿ ಬರುತ್ತೇನೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆರೆಗಳಿಗೆ ಬಿಡುವ ಎಚ್‌ಎನ್ ವ್ಯಾಲಿ ಯೋಜನೆಯ ನೀರು ಬಂದ ಮೇಲೆ ಅಲ್ಲಿ ನೀರುಕಾಗೆ, ಬೆಳ್ಳಕ್ಕಿ ಚೆನ್ನಾಗಿ ಸೇರುತ್ತವೆ.

ಬೆಂಗಳೂರಿನಿಂದ ದುಬಾರಿ ಸೈಕಲ್‌ಗಳಲ್ಲಿ ಬರುವ ಹುಡುಗರು ಹುಡುಗಿಯರನ್ನು ಪ್ರತಿ ಭಾನುವಾರ ನೋಡುತ್ತೇನೆ. ಬಗ್ಗಿಕೊಂಡು ಬೆಟ್ಟ ಹತ್ತುತ್ತಾರೆ, ಎಷ್ಟು ನಿಮಿಷದಲ್ಲಿ ಹತ್ತಿದೆ ಅಂತ ಫೋನಿನಲ್ಲಿ ನೋಡಿಕೊಳ್ಳುತ್ತಾರೆ. ಅವರ ಕಾಲಿನ ಶಕ್ತಿ ನನಗೆ ನಿಜವಾಗಿಯೂ ಇಷ್ಟ. ಆದರೆ ಅವರಿಗೂ ಹೇಳುತ್ತೇನೆ, ಇಳಿದು ಬಂದ ಮೇಲೆ ಒಂದು ಗಂಟೆ ಉಳಿಸಿಕೊಳ್ಳಿ. ಆಷಾಢದಲ್ಲಿ ನಮ್ಮ ಜನ ನಂದಿಗಿರಿಗೆ ಪ್ರದಕ್ಷಿಣೆ ಹಾಕುತ್ತಾರೆ, ಬರಿಗಾಲಲ್ಲಿ ನಡೆಯುವವರೂ ಇದ್ದಾರೆ. ಬೆಟ್ಟವನ್ನು ನೋಡೋದಕ್ಕೆ ಅದರ ಸುತ್ತ ಬರಬೇಕು ಅನ್ನೋದು ಇಲ್ಲಿಯವರಿಗೆ ಮೊದಲಿನಿಂದ ಗೊತ್ತಿರುವ ಮಾತು.

ಅಧಿಕಾರಿಗಳಲ್ಲಿ ಒಂದು ಕೋರಿಕೆ. ಹಳ್ಳಿ ರಸ್ತೆ ಅಗಲ ಮಾಡುವಾಗ ಹುಣಸೆ, ಹೊಂಗೆ ಸಾಲನ್ನು ದಯವಿಟ್ಟು ಉಳಿಸಿ. ಹೊಲಕ್ಕೆ ನಡೆದು ಹೋಗುವವರಿಗೆ, ಶಾಲೆ ಮಕ್ಕಳಿಗೆ, ಕುರಿ ಹೊಡೆದುಕೊಂಡು ಹೋಗುವವರಿಗೆ ಅದೊಂದೇ ನೆರಳು. ಟಾರು ಹಾಕಿದ ಮೇಲೆ ಅಂಚಿಗೆ ಮಣ್ಣು ತುಂಬಿಸಿ, ಈಗ ಎಷ್ಟೋ ಕಡೆ ಅರ್ಧ ಅಡಿ ಗುಂಡಿ ಬಿದ್ದಿದೆ, ಲಾರಿ ಬಂದಾಗ ಸೈಕಲ್ ಇಳಿಸಲು ಜಾಗವೇ ಇಲ್ಲ. ಇಷ್ಟಾದರೆ ಸೈಕಲ್‌ಗೆ ಅಂತ ಬೇರೆ ದಾರಿ ಕಟ್ಟೋದೇ ಬೇಡ.

ಓದುಗರಲ್ಲಿ, ಅದರಲ್ಲೂ ನನ್ನ ವಯಸ್ಸಿನ ಅಕ್ಕತಂಗಿಯರಲ್ಲಿ ಕೇಳುವುದು ಇಷ್ಟು. ಮೆಟ್ಟಿಲ ಕೆಳಗಿನ ಸೈಕಲ್ ಈಚೆ ತೆಗೆಯಿರಿ, ಗಾಳಿ ಹೊಡೆಸಿ, ಸೀಟು ಏರಿಸಿ. ಯುಗಾದಿ ತನಕ ಪ್ರತಿ ಭಾನುವಾರ ಏಳೂವರೆ ಹೊತ್ತಿಗೆ ನಾನು ಭೋಗನಂದೀಶ್ವರ ದೇವಸ್ಥಾನದ ಮುಂದೆ ಇರುತ್ತೇನೆ, ಹಳದಿ ಕೋಟು, ಬುಟ್ಟಿ ಸೈಕಲ್. ಬೆಲ್ ಹೊಡೆಯಿರಿ, ಮುದ್ದೇನಹಳ್ಳಿ ತನಕ ಒಟ್ಟಿಗೆ ಹೋಗೋಣ.

ಇಂತಿ ನಮಸ್ಕಾರಗಳೊಂದಿಗೆ,
ವಾಪಸಂದ್ರದ ಹೊಲಿಗೆ ಅಂಗಡಿಯವರು,
ಚಿಕ್ಕಬಳ್ಳಾಪುರ