ಸಲಮಾಂಕಾ ರೈಲಿನ ಅಜ್ಜಿಗೆ ಥ್ಯಾಂಕ್ಸ್

ಮ್ಯಾಡ್ರಿಡ್‌ನಿಂದ ಸಲಮಾಂಕಾಗೆ ಹೊರಟ ರೈಲಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿ, ನಿಮ್ಮ ಹೆಸರು ಗೊತ್ತಿಲ್ಲ. ಮರುದಿನ ನನಗೆ ಡೆಲೆ, ಅಂದ್ರೆ ಸ್ಪ್ಯಾನಿಷ್ ಎಷ್ಟು ಬರುತ್ತೆ ಅಂತ ಅಳೆಯೋ ಪರೀಕ್ಷೆ. ‘ಬಂದಿದ್ದಾನೆ’ ಥರದ ಮಾತಲ್ಲಿ ಬರೋ ಸಹಾಯಕ ಕ್ರಿಯಾಪದಕ್ಕೆ ಎರಡು ರೂಪ; ಎಲ್ಲಿ ‘ಆ’ (ha), ಎಲ್ಲಿ ‘ಆಯಾ’ (haya) ಅಂತ ತಲೆ ಕೆಟ್ಟುಹೋಗಿತ್ತು. ನೀವು ಕನ್ನಡಕ ಏರಿಸಿ, ನನ್ನ ವ್ಯಾಕರಣ ಪುಸ್ತಕ ಮೆಲ್ಲಗೆ ಮುಚ್ಚಿಬಿಟ್ಟಿರಿ! ನೋಟ್‌ಬುಕ್ಕಿನ ಅಂಚಲ್ಲಿ ಎರಡೇ ಸಾಲು ಬರೆದಿರಿ: ‘ಕ್ರೆಯೊ ಕೆ ಆ ಯೆಗಾದೊ’, ‘ನೊ ಕ್ರೆಯೊ ಕೆ ಆಯಾ ಯೆಗಾದೊ’. ಅವನು ಬಂದಿದ್ದಾನೆ ಅನ್ನೋ ನಂಬಿಕೆ ಇದ್ದರೆ ಮೊದಲನೆಯದು, ಇಲ್ಲದಿದ್ದರೆ ಎರಡನೆಯದು. ‘ಬಂದಿರಲಿ’ ಅಂತ ಹಾರೈಸುವಾಗಲೂ, ‘ಬಂದಿದ್ದು ಖುಷಿ’ ಅನ್ನುವಾಗಲೂ ‘ಆಯಾ’ನೇ. ಆಮೇಲೆ ಸುಮ್ನೆ ನನ್ನಿಂದಲೇ ವಾಕ್ಯ ಹೇಳಿಸಿದಿರಿ. ಸರಿ ಇದ್ದರೆ ತಲೆಯಾಡಿಸಿದಿರಿ, ಇಲ್ಲದಿದ್ದರೆ ಹುಬ್ಬು ಮಾತ್ರ ಏರಿಸಿದಿರಿ. ನಡುವೆ ಕಿತ್ತಳೆ ಸುಲಿದು ಅರ್ಧ ನನ್ನ ಕೈಗಿಟ್ಟಿರಿ. ಅವತ್ತು ರಾತ್ರಿ ಪುಸ್ತಕ ತೆರೆಯದೆ ಮಲಗಿದೆ. ಥ್ಯಾಂಕ್ಸ್ ಅಜ್ಜಿ.